ಲಕ್ಸೆಂಬರ್ಗ್‌ನ ರೈಲು ಸಾರಿಗೆ

ಬೆಲ್ಜಿಯಂ, ಫ್ರಾನ್ಸ್ ಮತ್ತು ಜರ್ಮನಿಗಳ ನಡುವಿರುವ, 2,586 ಚದರ ಕಿಲೊಮೀಟರ್ ವಿಸ್ತೀರ್ಣದ ಲಕ್ಸೆಂಬರ್ಗ್‌ನಲ್ಲಿ ಸುಮಾರು 270 ಕಿಲೊಮೀಟರ್ ಉದ್ದದ ರೈಲುಮಾರ್ಗಗಳಿವೆ. ಹಳಿಗಳ ನಡುವಣ ಅಂತರ ಯೂರೋಪಿನ ಬಹುಭಾಗದಲ್ಲಿರುವಂತೆ 1,435 ಮಿಲಿಮೀಟರ್. ಮಾರ್ಗಗಳಲ್ಲಿ ಹೆಚ್ಚಿನವು ವಿದ್ಯುದೀಕರಣಗೊಂಡಿವೆ. ಈ ಜಾಲದ ಪ್ರಧಾನ ಮಾರ್ಗಗಳೆಲ್ಲವೂ ಗಡಿಯನ್ನು ದಾಟಿ ನೆರೆಯ ದೇಶವೊಂದರ ಜಾಲಕ್ಕೆ ಕೂಡಿಕೊಳ್ಳುತ್ತವೆ. ರೈಲ್ವೆಯ ಒಡೆತನ, ವಿದ್ಯುತ್ತು, ಸಿಗ್ನಲ್ ವ್ಯವಸ್ಥೆ, ಟಿಕೆಟು ಎಲ್ಲದರ ಇತಿಹಾಸವನ್ನೂ ಈ ಒಂದು ಸಂಗತಿಯೇ ರೂಪಿಸಿದೆ.

ಮೊದಲ ಮಾರ್ಗಗಳು 1859ರಲ್ಲಿ ರಾಜಧಾನಿಯಿಂದ ಫ್ರಾನ್ಸಿನ ತಿಯೋನ್ವಿಲ್ ಮತ್ತು ಬೆಲ್ಜಿಯಂನ ಆರ್ಲಾನ್ ಕಡೆಗೆ ತೆರೆದವು. ಆಗ ಲಕ್ಸೆಂಬರ್ಗ್ ನಗರ ಪ್ರಷ್ಯದ ಸೇನೆ ಬೀಡುಬಿಟ್ಟಿದ್ದ ಕೋಟೆಯಾಗಿದ್ದುದರಿಂದ ನಿಲ್ದಾಣವನ್ನು ಗೋಡೆಗಳ ಹೊರಗೆ, ಕಣಿವೆಯ ಆಚೆಯ ದಂಡೆಯಲ್ಲಿ, ಮರದಿಂದ ಕಟ್ಟಲಾಯಿತು. ಊರಿಗೂ ನಿಲ್ದಾಣಕ್ಕೂ ಸಂಪರ್ಕ ಕಲ್ಪಿಸಲು ಪಾಸ್ಸೆರೆಲ್ ಎಂಬ ಕಮಾನುಸೇತುವೆಯನ್ನು ನಿರ್ಮಿಸಬೇಕಾಯಿತು. 1867ರ ಲಂಡನ್ ಒಪ್ಪಂದದಂತೆ ಕೋಟೆಯನ್ನು ಕೆಡವಲಾಯಿತಾದರೂ ನಿಲ್ದಾಣ ಇದ್ದಲ್ಲಿಯೇ ಉಳಿಯಿತು, ಅದರ ಸುತ್ತ ಹೊಸ ಬಡಾವಣೆಯೊಂದು ಬೆಳೆಯಿತು. ಈಗಿರುವ ಗೋಪುರಸಹಿತ ಕಲ್ಲಿನ ಕಟ್ಟಡ 20ನೆಯ ಶತಮಾನದ ಆರಂಭದ್ದು. ಜರ್ಮನ್ ವಾಸ್ತುಶಿಲ್ಪಿಗಳು ಅದನ್ನು ನವಬರೋಕ್ ಶೈಲಿಯಲ್ಲಿ ರೂಪಿಸಿದರು.

ಮಾರ್ಗಗಳನ್ನು ಹಾಕುವ ಹಕ್ಕು ಪಡೆದಿದ್ದ ಗಿಯೋಮ್-ಲಕ್ಸೆಂಬರ್ಗ್ ಕಂಪನಿ ಹೆಸರಿಗೆ ಮಾತ್ರ ಸ್ಥಳೀಯವಾಗಿತ್ತು. ರೈಲುಗಳನ್ನು ಓಡಿಸುತ್ತಿದ್ದುದು ಫ್ರಾನ್ಸಿನ ಪೂರ್ವ ರೈಲ್ವೆ ಕಂಪನಿ. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತಾಗ ಈ ನಿರ್ವಹಣೆಯ ಹಕ್ಕು ಜರ್ಮನಿಗೆ ಸಂದಿತು. ತಟಸ್ಥ ರಾಷ್ಟ್ರವೊಂದರ ಹಳಿಗಳನ್ನು ಬಲಿಷ್ಠ ನೆರೆದೇಶದ ಕೈಗೆ ಒಪ್ಪಿಸುವುದರ ಅಪಾಯವನ್ನು ಲಕ್ಸೆಂಬರ್ಗ್ ಸರಕಾರ ಅರಿತಿತ್ತು; ಆದ್ದರಿಂದ 1872ರ ಒಪ್ಪಂದದಲ್ಲಿ ಸೈನ್ಯವನ್ನಾಗಲಿ ಯುದ್ಧಸಾಮಗ್ರಿಯನ್ನಾಗಲಿ ಈ ಮಾರ್ಗಗಳ ಮೇಲೆ ಸಾಗಿಸಕೂಡದೆಂಬ ಷರತ್ತನ್ನು ಸೇರಿಸಲಾಯಿತು. 1914ರ ಆಗಸ್ಟ್ 1ರ ಸಂಜೆ ಜರ್ಮನ್ ಸೈನಿಕರು ಉತ್ತರದ ಗಡಿಯೂರಾದ ಟ್ರಾವಿಯರ್ಜ್‌ನ ರೈಲು ನಿಲ್ದಾಣವನ್ನು ವಶಪಡಿಸಿಕೊಂಡಾಗ ಆ ಷರತ್ತಿನ ಬೆಲೆ ಎಷ್ಟೆಂಬುದು ತಿಳಿಯಿತು. ಈ ನಡುವೆ, ಗಿಯೋಮ್-ಲಕ್ಸೆಂಬರ್ಗ್ ಕಂಪನಿಯ ಜೊತೆಗೆ, ದಕ್ಷಿಣದ ಕಬ್ಬಿಣದ ಅದಿರನ್ನು ಆಧರಿಸಿ ಪ್ರಿನ್ಸ್ ಹೆನ್ರಿ ಎಂಬ ಎರಡನೆಯ ಕಂಪನಿ ಬೆಳೆದಿತ್ತು. ಅದಿರಿನ ಭೂಮಿಯನ್ನೇ ಸಹಾಯಧನದ ರೂಪದಲ್ಲಿ ಪಡೆದ ಈ ಕಂಪನಿ ಗಣಿಗಳನ್ನೂ ಉಕ್ಕಿನ ಕುಲುಮೆಗಳನ್ನೂ ಜೋಡಿಸುತ್ತ ದೇಶದ ಅಂಚುಗಳಲ್ಲಿ ಮಾರ್ಗಗಳನ್ನು ಹಾಕಿತು. ಹಳ್ಳಿಗಳಿಗೆ ಹೋಗುತ್ತಿದ್ದ ಕಿರಿದಾದ ಹಳಿಯ ಮಾರ್ಗಗಳೂ ಇದ್ದವು. ಬಸ್ಸು ಲಾರಿಗಳ ಸ್ಪರ್ಧೆಯನ್ನು ತಾಳಲಾರದೆ ಅವು 1950ರ ದಶಕದಲ್ಲಿ ಮುಚ್ಚಿಹೋದವು.

ಎರಡನೆಯ ಮಹಾಯುದ್ಧದ ಅನಂತರ, 1946ರಲ್ಲಿ, ಈ ಚದುರಿದ ಜಾಲಗಳನ್ನೆಲ್ಲ ಒಂದುಗೂಡಿಸಿ ಲಕ್ಸೆಂಬರ್ಗ್ ರಾಷ್ಟ್ರೀಯ ರೈಲ್ವೆ ಕಂಪನಿಯನ್ನು ಸ್ಥಾಪಿಸಲಾಯಿತು. ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಇದು ಸಿಎಫ್‌ಎಲ್ ಎಂದು ಪ್ರಸಿದ್ಧ. ಆರಂಭದ ಬಂಡವಾಳದಲ್ಲಿ ಲಕ್ಸೆಂಬರ್ಗ್ ಸರಕಾರದ ಪಾಲು ಶೇ. 51, ಉಳಿದುದನ್ನು ಬೆಲ್ಜಿಯಂ ಮತ್ತು ಫ್ರಾನ್ಸ್ ಸಮನಾಗಿ ಹಂಚಿಕೊಂಡವು. ಮುಂದೆ ಸ್ವದೇಶದ ಪಾಲು ಬಹುವಾಗಿ ಹೆಚ್ಚಿತು. ನೆರೆಯ ಎರಡು ದೇಶಗಳದ್ದು ಈಗ ಅಲ್ಪಾಂಶ ಮಾತ್ರ.

ಯೂರೋಪಿಯನ್ ಒಕ್ಕೂಟದ ಕಾನೂನು 1991ರಿಂದೀಚೆಗೆ ಹಳಿಯ ನಿರ್ವಹಣೆಯನ್ನೂ ರೈಲು ಓಡಿಸುವ ವ್ಯವಹಾರವನ್ನೂ ಬೇರ್ಪಡಿಸಬೇಕೆಂದು ಹೇಳುತ್ತ ಬಂದಿದೆ. ಹಳಿಯ ಒಡೆಯನೇ ರೈಲನ್ನೂ ಓಡಿಸಿದರೆ ಪ್ರತಿಸ್ಪರ್ಧಿಗಳಿಗೆ ನ್ಯಾಯ ದೊರಕದೆಂಬುದು ಇದರ ಹಿಂದಿನ ತರ್ಕ. ಕೆಲವು ದೇಶಗಳು ಇದಕ್ಕಾಗಿ ತಮ್ಮ ರೈಲ್ವೆಯನ್ನೇ ಎರಡು ಸಂಸ್ಥೆಗಳಾಗಿ ಒಡೆದವು. ಇಷ್ಟು ಕಿರಿದಾದ ಜಾಲವನ್ನು ಹಾಗೆ ಒಡೆಯುವುದರಲ್ಲಿ ಹುರುಳಿರಲಿಲ್ಲ. ಲಕ್ಸೆಂಬರ್ಗ್ ಕಂಡುಕೊಂಡ ಮಾರ್ಗ ಹೆಚ್ಚು ಮಿತವ್ಯಯದ್ದು, ಬಹುಶಃ ಹೆಚ್ಚು ವಿವೇಕದ್ದೂ ಹೌದು. ಹಳಿ, ಸೇತುವೆ, ನಿಲ್ದಾಣಗಳು ಸರಕಾರದ ಆಸ್ತಿ. 1995ರ ಕಾಯಿದೆಯಂತೆ ರಚಿತವಾದ ರೈಲು ನಿಧಿ ಅವುಗಳ ವೆಚ್ಚವನ್ನು ಭರಿಸುತ್ತದೆ. ಸರಕಾರದ ಪರವಾಗಿ ಅವುಗಳನ್ನು ನಿರ್ವಹಿಸುವುದು ಸಿಎಫ್‌ಎಲ್‌ನ ಒಂದು ವಿಭಾಗ. ಪ್ರಯಾಣಿಕರ ರೈಲುಗಳನ್ನು ಓಡಿಸುವುದೂ ಸಿಎಫ್‌ಎಲ್ಲೇ, ಆದರೆ ಪ್ರತ್ಯೇಕ ಲೆಕ್ಕಪತ್ರದಡಿ, ಸರಕಾರದೊಂದಿಗಿನ ಸಾರ್ವಜನಿಕ ಸೇವಾ ಒಪ್ಪಂದಕ್ಕೆ ಒಳಪಟ್ಟು. ಯಾವ ರೈಲು ಯಾವ ಹೊತ್ತಿನಲ್ಲಿ ಹಳಿಯನ್ನು ಬಳಸಬೇಕೆಂಬ ಹಂಚಿಕೆಯನ್ನು ಮಾತ್ರ ಕಂಪನಿಯ ಕೈಯಿಂದ ತೆಗೆದು, ರೈಲ್ವೆ ಆಡಳಿತ ಇಲಾಖೆ ಎಂಬ ಸರಕಾರಿ ಕಚೇರಿಗೆ ವಹಿಸಲಾಗಿದೆ. ಸುರಕ್ಷತಾ ಪ್ರಮಾಣಪತ್ರಗಳನ್ನು ಕೊಡುವುದೂ ಇದೇ ಇಲಾಖೆ. ಹಂಚಿಕೆಯಲ್ಲಿ ತಾರತಮ್ಯ ನಡೆದಿದೆಯೆಂಬ ದೂರು ಬಂದರೆ ವಿಚಾರಿಸಲು ಬೇರೆಯೇ ಆದ ಸ್ವತಂತ್ರ ನಿಯಂತ್ರಣ ಸಂಸ್ಥೆಯಿದೆ.

ಸರಕು ಸಾಗಣೆಗೆ 2006ರಲ್ಲಿ ಉಕ್ಕಿನ ಕಂಪನಿಯಾದ ಆರ್ಸೆಲರ್‌ಮಿತ್ತಲ್‌ನ ಸಹಭಾಗಿತ್ವದಲ್ಲಿ ಸಿಎಫ್‌ಎಲ್ ಕಾರ್ಗೊ ಎಂಬ ಅಂಗಸಂಸ್ಥೆ ಹುಟ್ಟಿತು. ಗಣಿಗಳು ಮುಚ್ಚಿ ಉಕ್ಕಿನ ಉತ್ಪಾದನೆ ಕುಗ್ಗಿದ ಮೇಲೆ ದೇಶದೊಳಗಿನ ಸರಕಿಗಿಂತ ದೇಶವನ್ನು ಹಾದುಹೋಗುವ ಸರಕು ಮುಖ್ಯವಾಯಿತು. ಫ್ರಾನ್ಸಿನ ಗಡಿಗೆ ಹತ್ತಿರದ ಬೆಟಂಬೂರ್ಗ್‌ನಲ್ಲಿರುವ ಸರಕು ಕೇಂದ್ರದಲ್ಲಿ ಕಂಟೇನರುಗಳನ್ನು ಲಾರಿಯಿಂದ ರೈಲಿಗೆ ಬದಲಾಯಿಸಲಾಗುತ್ತದೆ; 2007ರಿಂದ ಲಾರಿಗಳ ಟ್ರೈಲರುಗಳನ್ನೇ ತಗ್ಗಾದ ವ್ಯಾಗನ್‌ಗಳ ಮೇಲೇರಿಸಿ ದಕ್ಷಿಣ ಫ್ರಾನ್ಸಿನ ಪೆರ್ಪಿನ್ಯಾನ್ ಕಡೆಗೆ ಸಾಗಿಸುವ ಸೇವೆಯೂ ಇಲ್ಲಿಂದ ನಡೆದಿದೆ.

ಜಾಲದ ಆಕಾರ ಸರಳ. ರಾಜಧಾನಿಯಿಂದ ಉತ್ತರಕ್ಕೆ ಟ್ರಾವಿಯರ್ಜ್ ಮೂಲಕ ಬೆಲ್ಜಿಯಂನ ಲಿಯೇಜ್‌ಗೆ, ಪೂರ್ವಕ್ಕೆ ವಾಸರ್‌ಬಿಲ್ಲಿಗ್ ಮೂಲಕ ಜರ್ಮನಿಯ ಟ್ರಿಯರ್‌ಗೆ, ಪಶ್ಚಿಮಕ್ಕೆ ಆರ್ಲಾನ್ ಮೂಲಕ ಬ್ರಸೆಲ್ಸ್‌ಗೆ, ದಕ್ಷಿಣಕ್ಕೆ ಬೆಟಂಬೂರ್ಗ್ ಮೂಲಕ ಮೆತ್ಸ್‌ಗೆ ಮಾರ್ಗಗಳು ಹೊರಡುತ್ತವೆ. ನೈಋತ್ಯದ ಉಕ್ಕಿನ ಪಟ್ಟಣಗಳಾದ ಎಶ್, ಪೆಟಾಂಜ್‌ಗಳಿಗೆ ಬೇರೆ ಮಾರ್ಗಗಳಿವೆ. ಎಲ್ಲವೂ ಒಂದೇ ನಿಲ್ದಾಣದಲ್ಲಿ ಕೂಡುವುದರಿಂದ ಅಲ್ಲಿ ಆಗುವ ಸಣ್ಣ ವಿಳಂಬವೂ ಇಡೀ ದೇಶಕ್ಕೆ ಹರಡುತ್ತದೆ. ಇದನ್ನು ತಗ್ಗಿಸಲು ರಾಜಧಾನಿಗೂ ಬೆಟಂಬೂರ್ಗ್‌ಗೂ ನಡುವೆ ಹೊಸ ಜೋಡಿಹಳಿಯ ಮಾರ್ಗವನ್ನು ಕೈಗೆತ್ತಿಕೊಳ್ಳಲಾಗಿದೆ. 2017ರ ಡಿಸೆಂಬರಿನಲ್ಲಿ ತೆರೆದ ಫಾಫೆಂಟಾಲ್-ಕಿರ್ಶ್‌ಬೆರ್ಗ್ ನಿಲ್ದಾಣದ ಉದ್ದೇಶವೂ ಭಾಗಶಃ ಇದೇ: ಕಣಿವೆಯ ತಳದಲ್ಲಿ ರೈಲಿನಿಂದಿಳಿದವರು ಇಳಿಜಾರಿನಲ್ಲಿ ಹಗ್ಗದಿಂದ ಎಳೆಯಲ್ಪಡುವ ಗಾಡಿಯನ್ನೇರಿ, ಯೂರೋಪಿಯನ್ ಸಂಸ್ಥೆಗಳಿರುವ ಪ್ರಸ್ಥಭೂಮಿಯನ್ನು ತಲುಪಿ, 1964ರಲ್ಲಿ ನಿಂತುಹೋಗಿ 2017ರ ಅದೇ ಡಿಸೆಂಬರಿನಲ್ಲಿ ಮರಳಿ ಆರಂಭವಾದ ಟ್ರಾಮನ್ನು ಹಿಡಿಯಬಹುದು.

ವಿದ್ಯುತ್ತಿನ ವಿಷಯದಲ್ಲಿ ಗಡಿಯ ತೊಡಕು ಸ್ಪಷ್ಟವಾಗಿ ಕಾಣುತ್ತದೆ. ಲಕ್ಸೆಂಬರ್ಗ್ ಫ್ರಾನ್ಸಿನಂತೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಬಳಸುತ್ತದೆ. ಜರ್ಮನಿಯದು 15,000 ವೋಲ್ಟ್, ಬೆಲ್ಜಿಯಂನ ಹೆಚ್ಚಿನ ಮಾರ್ಗಗಳದು 3,000 ವೋಲ್ಟಿನ ನೇರ ವಿದ್ಯುತ್ತು. ಆರ್ಲಾನ್ ಕಡೆಯ ಮಾರ್ಗ 2018ರವರೆಗೆ ಬೆಲ್ಜಿಯಂನ ಪದ್ಧತಿಯಲ್ಲೇ ಇತ್ತು. ಆದ್ದರಿಂದ ಗಡಿ ದಾಟುವ ರೈಲುಗಳು ಒಂದಕ್ಕಿಂತ ಹೆಚ್ಚು ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲವಾಗಿರಬೇಕು, ಅವುಗಳ ಬೆಲೆಯೂ ಹೆಚ್ಚು. ಸಿಗ್ನಲ್‌ಗಳ ಮಾತು ಇದಕ್ಕಿಂತ ಗಂಭೀರ. 2006ರ ಅಕ್ಟೋಬರ್ 11ರಂದು ಫ್ರಾನ್ಸಿನ ಗಡಿಯಾಚೆಯ ಜೂಫ್ಟ್‌ಗೆನ್ ಬಳಿ ಪ್ರಯಾಣಿಕರ ರೈಲೊಂದು ಸರಕು ರೈಲಿಗೆ ಎದುರುಬದುರಾಗಿ ಡಿಕ್ಕಿ ಹೊಡೆದು ಆರು ಮಂದಿ ಸತ್ತರು. ಕೆಂಪು ಸಿಗ್ನಲನ್ನು ದಾಟಲು ಬೆಟಂಬೂರ್ಗ್ ನಿಯಂತ್ರಣ ಕೇಂದ್ರದಿಂದ ತಪ್ಪು ಅನುಮತಿ ಹೋಗಿತ್ತು. 2017ರ ಫೆಬ್ರವರಿಯಲ್ಲಿ ಬೆಟಂಬೂರ್ಗ್ ಬಳಿಯೇ ಮತ್ತೊಂದು ಡಿಕ್ಕಿಯಾಗಿ ಚಾಲಕ ಮೃತಪಟ್ಟ. ಚಾಲಕ ತಪ್ಪಿದರೆ ರೈಲನ್ನು ತಾನಾಗಿ ನಿಲ್ಲಿಸುವ ಯೂರೋಪಿನ ಏಕರೂಪ ನಿಯಂತ್ರಣ ವ್ಯವಸ್ಥೆಯನ್ನು ಲಕ್ಸೆಂಬರ್ಗ್ ಈಗ ತನ್ನ ಇಡೀ ಜಾಲಕ್ಕೆ ಅಳವಡಿಸಿದೆ. ದೊಡ್ಡ ದೇಶಗಳಲ್ಲಿ ಹಲವು ಇನ್ನೂ ಈ ಕೆಲಸವನ್ನು ಮುಗಿಸಿಲ್ಲ.

2020ರ ಮಾರ್ಚ್ 1ರಿಂದ ದೇಶದೊಳಗಿನ ಎರಡನೆಯ ದರ್ಜೆಯ ರೈಲು ಪ್ರಯಾಣ, ಬಸ್ಸು ಮತ್ತು ಟ್ರಾಮುಗಳೆಲ್ಲ ಉಚಿತವಾದವು. ಅದಕ್ಕೆ ಮೊದಲೂ ಟಿಕೆಟಿನ ಆದಾಯ ಸಾರಿಗೆಯ ವೆಚ್ಚದ ಹತ್ತನೆಯ ಒಂದು ಪಾಲನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಬೊಕ್ಕಸಕ್ಕೆ ಆದ ಹೊರೆ ಹೊರಗಿನವರು ಊಹಿಸಿದಷ್ಟು ದೊಡ್ಡದಲ್ಲ. ಜಗತ್ತಿನ ಪತ್ರಿಕೆಗಳು ಈ ಕ್ರಮವನ್ನು ಬಹಳವಾಗಿ ಕೊಂಡಾಡಿದರೂ, ಕಾರಿನ ಬಳಕೆ ಅತಿಯಾಗಿರುವ ಈ ದೇಶದಲ್ಲಿ ಜನರನ್ನು ರೈಲಿಗೆ ಸೆಳೆಯುವುದು ಉಚಿತ ಟಿಕೆಟಿಗಿಂತ ಹೊಸ ಹಳಿ ಮತ್ತು ಹೆಚ್ಚು ಬೋಗಿಗಳೇ. ಮೊದಲ ದರ್ಜೆಗೆ ಇಂದಿಗೂ ಹಣ ಕೊಡಬೇಕು. ಪ್ರತಿದಿನ ನೆರೆಯ ಮೂರು ದೇಶಗಳಿಂದ ದುಡಿಯಲು ಬರುವ ಎರಡು ಲಕ್ಷಕ್ಕೂ ಹೆಚ್ಚು ಜನರಲ್ಲಿ ರೈಲು ಹಿಡಿಯುವವರು ಗಡಿಯವರೆಗಿನ ದೂರಕ್ಕೆ ಟಿಕೆಟು ಕೊಳ್ಳಬೇಕು. ಇವರ ಅನುಕೂಲಕ್ಕಾಗಿ 2018ರಲ್ಲಿ ಫ್ರಾನ್ಸಿನೊಂದಿಗೆ ಮಾಡಿಕೊಂಡ ಒಪ್ಪಂದದಂತೆ, ಗಡಿಯಾಚೆಯ ಫ್ರೆಂಚ್ ರೈಲುಮಾರ್ಗದ ಸುಧಾರಣೆಯ ವೆಚ್ಚದಲ್ಲಿ ಒಂದು ಪಾಲನ್ನು ಲಕ್ಸೆಂಬರ್ಗ್ ತನ್ನ ಬೊಕ್ಕಸದಿಂದಲೇ ಕೊಡುತ್ತಿದೆ.