ಎಣಿಸದೆ ಉಳಿದ ಉಸಿರು

ಜೈನ ದಾನಿ ಅತ್ತಿಮಬ್ಬೆ 1007ರಲ್ಲಿ ಗದಗದ ಬಳಿಯ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು. ಆಕೆ ನಂಬಿದ ಜೈನಧರ್ಮದ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದ. ಹಳೆಯ ವೈದ್ಯರೆಂದರೆ ಕೈಹಿಡಿದು ನಾಡಿ ನೋಡುವವರು ಎಂಬ ಚಿತ್ರ ನಮ್ಮ ಕಣ್ಣಿಗೆ ಕಟ್ಟಿದೆ. ಆದರೆ ಚರಕ, ಸುಶ್ರುತರಲ್ಲಿ ನಾಡಿಪರೀಕ್ಷೆಯ ವಿಧಾನವೇ ಇಲ್ಲ. ಅದು ವಿವರವಾಗಿ ಸಿಗುವುದು ಅತ್ತಿಮಬ್ಬೆಯ ನಂತರ ಬಂದ ಶಾರ್ಙ್ಗಧರ ಸಂಹಿತೆಯಲ್ಲಿ. ಚರಕ ಸಂಹಿತೆಯ ಇಂದ್ರಿಯಸ್ಥಾನವಾದರೋ ಉಸಿರನ್ನು ನೋಡು ಎನ್ನುತ್ತದೆ: ಅದು ತೀರ ದೀರ್ಘವಾದರೂ ಕೆಡುಕು, ತೀರ ಮೊಟಕಾದರೂ ಕೆಡುಕು.

ಆಮೇಲಿನ ಕಥೆಯಲ್ಲಿ ಅಳೆಯಲು ಉಪಕರಣ ಸಿಕ್ಕ ಲಕ್ಷಣಗಳಿಗೆ ಮನ್ನಣೆ ಸಿಕ್ಕಿತು. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರದ ಬಗ್ಗೆ ಬರೆದ. ಜರ್ಮನಿಯ ವುಂಡರ್‌ಲಿಷ್ ಸುಮಾರು 25,000 ರೋಗಿಗಳ ಮೈಬಿಸಿ ಅಳೆದು 1868ರಲ್ಲಿ ಪುಸ್ತಕ ಪ್ರಕಟಿಸಿದ. 37 ಡಿಗ್ರಿ ಸೆಲ್ಸಿಯಸ್ ಸಹಜ ಎಂಬ ಮಾತು ಅಲ್ಲಿಂದ ಬೇರೂರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ಆಲ್‌ಬಟ್ ರೂಪಿಸಿದ ಆರಿಂಚಿನ ಥರ್ಮಾಮೀಟರ್ ಐದು ನಿಮಿಷದಲ್ಲಿ ಜ್ವರ ತೋರಿಸಿತು. ಇಟಲಿಯ ರಿವಾ-ರೊಚಿ 1896ರಲ್ಲಿ ರಕ್ತದೊತ್ತಡ ಅಳೆಯಲು ತೋಳಿಗೆ ಪಟ್ಟಿ ಸುತ್ತಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಆಲಿಸಿದ. ನಮ್ಮ ಗದಗದ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಆಸ್ಪತ್ರೆ ನೆಲೆಯೂರಿದ್ದೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ. ನಮ್ಮ ಭಾಗಕ್ಕೆ ಅದು ಜರ್ಮನ್ ದವಾಖಾನಿ. 

ಇವತ್ತು ‘ಬಿಪಿ ತೋರಿಸ್ಕೊಂಡು ಬರ್ತೇನಿ’ ಎನ್ನದ ಮನೆ ಕಡಿಮೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಿಂದ ತಪಾಸಣೆ ಮನೆಬಾಗಿಲಿಗೇ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಅಳೆಯುವ ರೀತಿ ಸರಿಯಿಲ್ಲದಿದ್ದರೆ ಯಂತ್ರ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಹೊಲದಿಂದ ನಡೆದು ಬಂದ ಹೆಣ್ಣುಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಕುಪ್ಪಸದ ತೋಳಿನ ಮೇಲೇ ಪಟ್ಟಿ ಬಿಗಿದು, ಕೈ ಜೋತುಬಿದ್ದಿರುವಾಗಲೇ ‘ಏನ್ ತ್ರಾಸು ಅದ ನಿಮಗ’ ಎಂದು ಮಾತಿಗೆಳೆದರೆ ಇಲ್ಲದ ಬಿಪಿ ಕಾರ್ಡಿಗೆ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆನಿಕೆ ಬೇಕು, ಪಾದ ನೆಲಕ್ಕೆ ತಾಗಿರಬೇಕು, ಬರಿಯ ತೋಳು ಎದೆಯ ಮಟ್ಟದಲ್ಲಿ ಟೇಬಲ್ ಮೇಲಿರಬೇಕು, ತೋಳಿನ ದಪ್ಪಕ್ಕೆ ತಕ್ಕ ಪಟ್ಟಿ ಇರಬೇಕು. ಅರ್ಧ ತಾಸಿನೊಳಗೆ ಚಹಾ, ತಂಬಾಕು ಆಗಿರಬಾರದು. ಒಂದೇ ಸಲ 140/90 ದಾಟಿತೆಂದು ಜೀವನಪರ್ಯಂತ ಗುಳಿಗೆ ಬರೆಯುವುದೂ ತರವಲ್ಲ. ಮತ್ತೊಂದು ದಿನ ನೋಡಿಯೇ ಹೇಳಬೇಕು.

ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಮೂಲ ತತ್ವ ಜಪಾನಿನ ತಕುವೊ ಅಯೋಯಾಗಿಯದು, 1974ರ ಸುಮಾರಿಗೆ ಹೊಳೆದದ್ದು. ಕೋವಿಡ್ ಅದನ್ನು ಹಳ್ಳಿಗೂ ತಂದಿತು. ಕಪ್ಪು ಚರ್ಮದ ರೋಗಿಗಳಲ್ಲಿ ಅದು ಕೆಲವೊಮ್ಮೆ ಆಮ್ಲಜನಕವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎತ್ತಿ ತೋರಿಸಿತು. ನಮ್ಮ ಮೈಬಣ್ಣದವರಿಗೆ ಇದು ದೂರದ ಸುದ್ದಿಯಲ್ಲ.

ಇಷ್ಟೆಲ್ಲ ಉಪಕರಣಗಳ ನಡುವೆ ಉಸಿರು ಹಿಂದೆ ಬಿತ್ತು. ಎಷ್ಟೋ ವಾರ್ಡುಗಳ ಚಾರ್ಟಿನಲ್ಲಿ ಉಸಿರಿನ ಕಾಲಂ ನೋಡಿ: ಎಲ್ಲ ರೋಗಿಗಳಿಗೂ 18, ಇಲ್ಲವೇ 20. ಎಣಿಸಿ ಬರೆದದ್ದಲ್ಲ, ರೂಢಿಯಿಂದ ತುಂಬಿದ್ದು. ನ್ಯುಮೋನಿಯಾ ಇರಲಿ, ರಕ್ತಕ್ಕೆ ಸೋಂಕು ಹರಡಿರಲಿ, ಬಿಪಿ ಕುಸಿಯುವ ಮುಂಚೆಯೇ ಉಸಿರಿನ ವೇಗ ಏರಿರುವುದುಂಟು. ಬ್ರಿಟನ್ನಿನ ವೈದ್ಯರ ಕಾಲೇಜು 2012ರಲ್ಲಿ ಜಾರಿಗೆ ತಂದ ಮುನ್ನೆಚ್ಚರಿಕೆ ಅಂಕಪಟ್ಟಿ ಈ ಅಲಕ್ಷ್ಯವನ್ನು ತಿದ್ದಲು ಯತ್ನಿಸಿತು. ಅದರಲ್ಲಿ ಅಂಕ ಏರಿದಷ್ಟೂ ಅಪಾಯ ಹೆಚ್ಚು: ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ. 25 ಮುಟ್ಟಿದರೆ ಆ ಒಂದಕ್ಕೇ ಮೂರು ಅಂಕ, ಕೂಡಲೇ ರೋಗಿಯತ್ತ ಗಮನ ಹರಿಸಬೇಕು.

ಉಸಿರು ಎಣಿಸಲು ಖರ್ಚಿಲ್ಲ, ಗಡಿಯಾರವೊಂದಿದ್ದರೆ ಸಾಕು. ‘ಉಸಿರು ಎಣಿಸ್ತೇನಿ’ ಎಂದು ಹೇಳಿದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ಹಾಗಾಗಿ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡಬಾರದು. ಕಣ್ಣು ಮಾತ್ರ ಎದೆಯತ್ತ ಹೊರಳಬೇಕು. ಸೆರಗು ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ, ಸಿಕ್ಕ ಸಂಖ್ಯೆಯನ್ನು ಸಿಕ್ಕಂತೆಯೇ ಬರೆಯಬೇಕು.