ರಣಹದ್ದುಗಳು ಮಾಯವಾಗಿದ್ದು ಮೊಬೈಲ್ ಟವರ್‌ನಿಂದಲೇ? ನಿಜವಾದ ಕಾರಣ ದನದ ಕೊಟ್ಟಿಗೆಯಲ್ಲಿತ್ತು

ಒಂದು ಕಾಲದಲ್ಲಿ ಊರ ಹೊರಗೆ ದನ ಸತ್ತರೆ ಸ್ವಲ್ಪ ಹೊತ್ತಿನಲ್ಲೇ ಆಕಾಶದಲ್ಲಿ ರಣಹದ್ದುಗಳು ಸುತ್ತತೊಡಗುತ್ತಿದ್ದವು. ಇವತ್ತಿನ ಮಕ್ಕಳಿಗೆ ರಣಹದ್ದು ಎಂದರೆ ಪಠ್ಯಪುಸ್ತಕದ ಚಿತ್ರ ಅಥವಾ ರಾಮಾಯಣದ ಜಟಾಯು ಮಾತ್ರ. ಇಷ್ಟೊಂದು ಹಕ್ಕಿಗಳು ಎಲ್ಲಿಗೆ ಹೋದವು ಎಂದು ಕೇಳಿದರೆ ಹಲವರು ಹೇಳುವ ಉತ್ತರ, "ಮೊಬೈಲ್ ಟವರ್ ಬಂತಲ್ಲ, ಅದರ ವಿಕಿರಣಕ್ಕೆ ಸತ್ತವು." ಇನ್ನು ಕೆಲವರು, "ಸತ್ತ ಪ್ರಾಣಿ ತಿನ್ನುವ ಹಕ್ಕಿ, ಹೋದರೆ ಹೋಗಲಿ ಬಿಡಿ" ಎನ್ನುತ್ತಾರೆ.

ಈ ಎರಡು ಮಾತೂ ತಪ್ಪು. ಯಾಕೆ ಎಂದು ನೋಡೋಣ.

ಎಷ್ಟು ಹಕ್ಕಿಗಳು ಹೋದವು?

1980ರ ದಶಕದಲ್ಲಿ ಭಾರತದಲ್ಲಿ ರಣಹದ್ದುಗಳನ್ನು ಕೋಟಿಗಳ ಲೆಕ್ಕದಲ್ಲಿ ಹೇಳಲಾಗುತ್ತಿತ್ತು. 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99.9ರಷ್ಟು ಕುಸಿಯಿತು. ಅಂದರೆ ಸಾವಿರ ಹಕ್ಕಿ ಇದ್ದಲ್ಲಿ ಒಂದು ಉಳಿಯಿತು. ಉದ್ದ ಕೊಕ್ಕಿನ ಮತ್ತು ತೆಳು ಕೊಕ್ಕಿನ ರಣಹದ್ದುಗಳು ಸುಮಾರು ಶೇ. 97ರಷ್ಟು ಕಡಿಮೆಯಾದವು. ಈ ಮೂರೂ ಪ್ರಭೇದಗಳು ಇಂದು ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ವರ್ಗದಲ್ಲಿವೆ.

ಹಾಗಾದರೆ ಟವರ್ ಕಾರಣವಲ್ಲವೇ?

ಮೊದಲು ಕಾಲದ ಲೆಕ್ಕ ನೋಡಿ. ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾಗಿದ್ದು 1995ರಲ್ಲಿ, ಅದೂ ದೊಡ್ಡ ನಗರಗಳಲ್ಲಿ. ಹಳ್ಳಿಗಳಿಗೆ ಟವರ್ ಬಂದಿದ್ದು ಎಷ್ಟೋ ವರ್ಷಗಳ ನಂತರ. ಆದರೆ 1990ರ ದಶಕದ ಕೊನೆಯ ಹೊತ್ತಿಗೆ ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಸಾಯುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸಿಯಾಗಿತ್ತು. ಟವರ್ ಬರುವ ಮೊದಲೇ ಹಕ್ಕಿಗಳು ಹೋಗುತ್ತಿದ್ದವು.

ಎರಡನೆಯದಾಗಿ, ಸತ್ತ ಹಕ್ಕಿಗಳ ದೇಹವೇ ಸಾಕ್ಷಿ ಹೇಳಿತು. ಹೊಟ್ಟೆ ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತಿತ್ತು. ಅದು ಯೂರಿಕ್ ಆಮ್ಲ. ಮೂತ್ರಪಿಂಡ ಕೆಟ್ಟಾಗ ಹೊರಹೋಗಬೇಕಾದ ಈ ತ್ಯಾಜ್ಯ ದೇಹದಲ್ಲೇ ಶೇಖರವಾಗುತ್ತದೆ.

ಪಾಕಿಸ್ತಾನದಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಲಿಂಡ್ಸೆ ಓಕ್ಸ್ ಮತ್ತು ತಂಡದವರು ಈ ಬಿಳಿ ಪದರವಿದ್ದ 25 ಹಕ್ಕಿಗಳನ್ನು ಪರೀಕ್ಷಿಸಿದರು. 25ರಲ್ಲೂ ಡೈಕ್ಲೋಫೆನಾಕ್ ಎಂಬ ಔಷಧದ ಅಂಶ ಸಿಕ್ಕಿತು. ಬೇರೆ ಕಾರಣದಿಂದ ಸತ್ತ 13 ಹಕ್ಕಿಗಳಲ್ಲಿ ಒಂದರಲ್ಲೂ ಅದು ಇರಲಿಲ್ಲ. ಆ ಔಷಧ ಕೊಟ್ಟ ಪ್ರಾಣಿಯ ಮಾಂಸವನ್ನು ತಿಂದ ರಣಹದ್ದುಗಳಲ್ಲೂ ಅದೇ ರೀತಿ ಮೂತ್ರಪಿಂಡ ಹಾಳಾಯಿತು. ಕಾರಣ ಸಿಕ್ಕಿತು.

ನೋವಿನ ಔಷಧ ಹಕ್ಕಿಗೆ ವಿಷವಾಗಿದ್ದು ಹೇಗೆ?

ಡೈಕ್ಲೋಫೆನಾಕ್ ನೋವು ಮತ್ತು ಊತ ಕಡಿಮೆ ಮಾಡುವ ಔಷಧ. 1990ರ ದಶಕದ ಮಧ್ಯದಲ್ಲಿ ಇದರ ಬೆಲೆ ಇಳಿಯಿತು. ಜ್ವರ, ಕೆಚ್ಚಲು ಬಾವು, ಕಾಲು ನೋವು ಎಂದು ದನಗಳಿಗೂ ಇದರ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಯಿತು. ಚಿಕಿತ್ಸೆ ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಔಷಧದ ಅಂಶ ಅದರ ಯಕೃತ್ತು, ಮೂತ್ರಪಿಂಡಗಳಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದು ಕೆಲವೇ ದಿನಗಳಲ್ಲಿ ಸಾಯುತ್ತದೆ.

"ಎಲ್ಲ ದನಗಳಿಗೂ ಇಂಜೆಕ್ಷನ್ ಕೊಡುವುದಿಲ್ಲವಲ್ಲ, ಮತ್ತೆ ಎಲ್ಲ ಹಕ್ಕಿಗಳೂ ಹೇಗೆ ಸತ್ತವು?" ಇದು ನ್ಯಾಯವಾದ ಪ್ರಶ್ನೆ. ರಣಹದ್ದುಗಳು ಗುಂಪಾಗಿ ತಿನ್ನುತ್ತವೆ. ಒಂದೇ ಕಳೇಬರಕ್ಕೆ ಹತ್ತಾರು ಹಕ್ಕಿಗಳು ಇಳಿಯುತ್ತವೆ, ಹಾಗಾಗಿ ಒಂದು ದನದಲ್ಲಿದ್ದ ಔಷಧ ಇಡೀ ಗುಂಪಿಗೆ ತಗಲುತ್ತದೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಕಳೇಬರದಲ್ಲಿ ಈ ಔಷಧವಿದ್ದರೂ ಇಂಥ ಕುಸಿತ ಸಾಧ್ಯ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಮೇಲಾಗಿ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಮರಿ ದೊಡ್ಡದಾಗಿ ಸಂತಾನ ಪಡೆಯಲು ಸುಮಾರು ಐದು ವರ್ಷ ಬೇಕು. ಸಾಯುವ ವೇಗಕ್ಕೆ ಹುಟ್ಟುವ ವೇಗ ಸಾಲಲಿಲ್ಲ.

ಹಕ್ಕಿ ಹೋದರೆ ನಮಗೇನು?

ರಣಹದ್ದುಗಳ ಗುಂಪು ಒಂದು ದನದ ಕಳೇಬರವನ್ನು ಒಂದು ಗಂಟೆಯೊಳಗೆ ಮೂಳೆ ಮಾತ್ರ ಉಳಿಯುವಂತೆ ಮುಗಿಸಬಲ್ಲದು. ಅವುಗಳ ಹೊಟ್ಟೆಯ ಆಮ್ಲ ಎಷ್ಟು ತೀವ್ರ ಎಂದರೆ ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳು ಅಲ್ಲೇ ನಾಶವಾಗುತ್ತವೆ. ಸಂಬಳ ಕೇಳದ ಪೌರಕಾರ್ಮಿಕರು ಎಂದರೂ ಸರಿಯೇ.

ಅವು ಹೋದ ಮೇಲೆ ಕಳೇಬರಗಳು ಕೊಳೆಯುತ್ತಾ ಬಿದ್ದವು. ಆ ಆಹಾರ ಬೀದಿನಾಯಿಗಳ ಪಾಲಾಯಿತು. 1992ರಿಂದ 2006ರ ನಡುವೆ ಇದರಿಂದ ದೇಶದಲ್ಲಿ ನಾಯಿಗಳ ಸಂಖ್ಯೆ ಕನಿಷ್ಠ 55 ಲಕ್ಷ ಹೆಚ್ಚಿತು ಮತ್ತು 47,000ಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ರೇಬೀಸ್‌ಗೆ ಬಲಿಯಾದರು ಎಂದು 2008ರ ಒಂದು ಅಧ್ಯಯನ ಅಂದಾಜಿಸಿತು.

ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಇನ್ನೊಂದು ಲೆಕ್ಕ ಪ್ರಕಟಿಸಿದರು. ಹಿಂದೆ ರಣಹದ್ದುಗಳಿಗೆ ತಕ್ಕ ನೆಲೆಯಾಗಿದ್ದ ಜಿಲ್ಲೆಗಳನ್ನು ಹಾಗಿಲ್ಲದ ಜಿಲ್ಲೆಗಳೊಂದಿಗೆ ಅವರು ಹೋಲಿಸಿದರು. ಹಕ್ಕಿಗಳು ಹೋದ ಮೇಲೆ ಅಂಥ ಜಿಲ್ಲೆಗಳಲ್ಲಿ ಮನುಷ್ಯರ ಮರಣ ಪ್ರಮಾಣ ಶೇ. 4ಕ್ಕೂ ಹೆಚ್ಚು ಏರಿತ್ತು. 2000ದಿಂದ 2005ರ ಅವಧಿಯಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳು ಎಂಬುದು ಅವರ ಅಂದಾಜು. ನಾಯಿ ಕಡಿತದ ಜೊತೆಗೆ ಕೊಳೆತ ಕಳೇಬರಗಳಿಂದ ಕೆಟ್ಟ ನೀರೂ ಇದಕ್ಕೆ ದಾರಿಯಾಗಿರಬಹುದು.

ಮುಂಬೈನ ಪಾರ್ಸಿ ಸಮುದಾಯದವರು ಮೃತದೇಹವನ್ನು ಮೌನಗೋಪುರದಲ್ಲಿ ರಣಹದ್ದುಗಳಿಗೆ ಅರ್ಪಿಸುವ ಸಂಪ್ರದಾಯವುಳ್ಳವರು. ಹಕ್ಕಿಗಳೇ ಇಲ್ಲವಾದಾಗ ಅಲ್ಲಿ ಸೂರ್ಯನ ಬಿಸಿಲನ್ನು ಕೇಂದ್ರೀಕರಿಸುವ ಸಾಧನಗಳನ್ನು ಅಳವಡಿಸಬೇಕಾಯಿತು.

ಪರಿಸರ ವ್ಯವಸ್ಥೆ ಎಂದರೆ ಇದೇ. ಪ್ರತಿ ಜೀವಿಗೂ ಒಂದು ಕೆಲಸವಿರುತ್ತದೆ. ಆ ಕೆಲಸ ಮಾಡುವವರು ಇಲ್ಲವಾದಾಗ ಅದರ ಬೆಲೆಯನ್ನು ನಾವೇ ತೆರಬೇಕಾಗುತ್ತದೆ.

ಈಗ ಏನಾಗುತ್ತಿದೆ?

2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಿತು. ಆದರೆ ಮನುಷ್ಯರಿಗಾಗಿ ಬರುತ್ತಿದ್ದ ದೊಡ್ಡ ಬಾಟಲಿಗಳನ್ನೇ ದನಗಳಿಗೆ ಬಳಸುವುದು ಮುಂದುವರಿಯಿತು. ಹಾಗಾಗಿ 2015ರಲ್ಲಿ ಮನುಷ್ಯರ ಇಂಜೆಕ್ಷನ್ ಅನ್ನು 3 ಮಿಲಿಲೀಟರ್‌ನ ಒಂದು ಡೋಸ್‌ಗೆ ಸೀಮಿತಗೊಳಿಸಲಾಯಿತು. ರಣಹದ್ದುಗಳಿಗೆ ಅಷ್ಟೇ ಅಪಾಯಕಾರಿಯಾದ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಗಳ ಪಶುಬಳಕೆಯನ್ನು 2023ರಲ್ಲಿ ನಿಷೇಧಿಸಲಾಯಿತು. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳ ಸಂತಾನೋತ್ಪತ್ತಿ ಕೇಂದ್ರವಿದೆ. ಕುಸಿತದ ವೇಗ ತಗ್ಗಿದೆ, ಆದರೆ ಹಳೆಯ ಸಂಖ್ಯೆ ಮರಳಿ ಬಂದಿಲ್ಲ.

ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. 'ಶೋಲೆ' ಚಿತ್ರೀಕರಣ ನಡೆದ ಆ ಬಂಡೆಗಳ ಮೇಲೆ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ, ಆದರೆ ಉಳಿದಿರುವುದು ಬೆರಳೆಣಿಕೆಯಷ್ಟು. ಬಂಡೀಪುರದ ಸುತ್ತಲಿನ ಕಾಡಿನಲ್ಲೂ ರಣಹದ್ದುಗಳಿವೆ. ಆದರೆ ಬೆಟ್ಟಕ್ಕೆ ಬೇಲಿ ಹಾಕಿದರೆ ಸಾಲದು. ಆಹಾರ ಹುಡುಕಿ ಈ ಹಕ್ಕಿ ಒಂದೇ ದಿನ ಹತ್ತಾರು ಕಿಲೋಮೀಟರ್ ಹಾರುತ್ತದೆ. ಧಾಮದಲ್ಲಿ ಸುರಕ್ಷಿತವಾಗಿ ಗೂಡು ಕಟ್ಟಿದ ಹಕ್ಕಿ ದೂರದ ಹಳ್ಳಿಯ ಕಳೇಬರದಿಂದ ಸಾಯಬಹುದು.

ನೀವು ಏನು ಮಾಡಬಹುದು?

- ಮನೆಯಲ್ಲಿ ದನ, ಎಮ್ಮೆ ಇದ್ದರೆ ಪಶುವೈದ್ಯರನ್ನು ಕೇಳದೆ ನೋವಿನ ಇಂಜೆಕ್ಷನ್ ಕೊಡಿಸಬೇಡಿ. ರಣಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕಾಮ್, ಟಾಲ್ಫೆನಾಮಿಕ್ ಆಮ್ಲ ಸಿಗುತ್ತವೆ. ನಿಮ್ಮ ದನಕ್ಕೆ ಅವು ಸರಿಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಿ.
- ಮನುಷ್ಯರಿಗೆ ತಂದ ಡೈಕ್ಲೋಫೆನಾಕ್ ಅನ್ನು ದನಕ್ಕೆ ಬಳಸಬೇಡಿ.
- ಚಿರತೆಗೋ ನಾಯಿಗೋ ಎಂದು ಸತ್ತ ಪ್ರಾಣಿಗೆ ವಿಷ ಹಾಕಬೇಡಿ. ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆ.
- ರಣಹದ್ದು ಅಪಶಕುನ ಎಂಬ ಮಾತಿಗೆ ಆಧಾರವಿಲ್ಲ. ಬಂಡೆಯ ಮೇಲಿನ ಗೂಡಿನ ಹತ್ತಿರ ಗದ್ದಲ ಮಾಡಬೇಡಿ, ಡ್ರೋನ್ ಹಾರಿಸಬೇಡಿ.

ಒಂದು ಎಚ್ಚರಿಕೆ: ಇದನ್ನು ಓದಿ "ಡೈಕ್ಲೋಫೆನಾಕ್ ಮಾತ್ರೆ ವಿಷ, ತಿನ್ನಬೇಡಿ" ಎಂಬ ಸಂದೇಶ ಹರಡಬೇಡಿ. ವೈದ್ಯರು ಬರೆದುಕೊಟ್ಟರೆ ಮನುಷ್ಯರು ಅದನ್ನು ತೆಗೆದುಕೊಳ್ಳಬಹುದು. ನಿಷೇಧವಿರುವುದು ಪಶುಗಳಿಗೆ ಬಳಸುವುದಕ್ಕೆ.

ಒಟ್ಟಿನಲ್ಲಿ

ರಣಹದ್ದುಗಳ ಸಾಮೂಹಿಕ ಸಾವಿಗೆ ಮೊಬೈಲ್ ಟವರ್ ಕಾರಣ ಎಂಬುದು ತಪ್ಪು. ಮುಖ್ಯ ಕಾರಣ ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್. ಟವರ್ ಅನ್ನು ದೂರಿದರೆ ಯಾರೂ ಏನೂ ಮಾಡಬೇಕಾಗಿಲ್ಲ. ನಿಜವಾದ ಕಾರಣ ಗೊತ್ತಾದರೆ ಒಬ್ಬ ರೈತ, ಒಬ್ಬ ಔಷಧ ಅಂಗಡಿಯವರು ಕೂಡ ಈ ಹಕ್ಕಿಯನ್ನು ಉಳಿಸಬಲ್ಲರು. ದನ ಸಾಕುವ ಪರಿಚಿತರು ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದರೆ ಈ ಮಾಹಿತಿ ಅವರಿಗೆ ತಲುಪಲಿ.