ದುಡಿಯುವ ಕೈಯೂ ವರಮಾನವೇ

ನಮ್ಮ ಅಕ್ಕೋಳ, ನಿಪ್ಪಾಣಿ ಕಡೆ ಹಿರಿಯರ ಬಾಯಲ್ಲಿ ಜೀವನಾಂಶಕ್ಕೆ ‘ಪೋಟಗಿ’ ಅಂತಾರೆ. ಮರಾಠಿಯ ‘ಪೋಟ’, ಅಂದರೆ ಹೊಟ್ಟೆಯಿಂದ ಬಂದ ಮಾತು. ಮಗುವಿನ ಹೊಟ್ಟೆಗೆ ಅಂತ ಕೋರ್ಟಿನಲ್ಲಿ ಕೇಳಿದರೆ ಎದುರಿನಿಂದ ಬರೋ ಉತ್ತರ ಹಳೇದೇ: “ನನಗ ಕೆಲಸಾನ ಇಲ್ಲರೀ ಸಾಹೇಬ್ರ, ಎಲ್ಲಿಂದ ಕೊಡ್ಲಿ?”

ಈ ಮಾತಿಗೂ ಕಾನೂನಿಗೂ ನಡೆದ ಜಗ್ಗಾಟಕ್ಕೆ ನೂರರವತ್ತು ವರ್ಷ ದಾಟಿದೆ. 1861ರ ದಂಡ ಪ್ರಕ್ರಿಯಾ ಸಂಹಿತೆಯೇ ಹೆಂಡತಿ ಮಕ್ಕಳಿಗೆ ತಿಂಗಳಿಗೆ 50 ರೂಪಾಯಿವರೆಗೆ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತ್ತು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಆ ಹಕ್ಕಿತ್ತು. ಆದರೆ ಷರತ್ತೊಂದಿತ್ತು: ತಂದೆಗೆ ‘ಸಾಕಷ್ಟು ವರಮಾನ’ ಇರಬೇಕು. 1898ರ ಸಂಹಿತೆಯ 488ನೇ ಕಲಮಿಗೂ ಈ ಷರತ್ತು ದಾಟಿಕೊಂಡು ಬಂತು.

ಷರತ್ತು ನಮ್ಮ ಕಡೆ ಎಷ್ಟು ತೊಡಕಿನದು ನೋಡಿ. ಬೀಡಿ ಕಟ್ಟುವ ತಾಯಿಯ ದುಡಿಮೆ ಸಾವಿರದ ಲೆಕ್ಕದಲ್ಲಿ ಪುಸ್ತಕದೊಳಗೆ ಬರೆದಿರುತ್ತೆ. ಕಬ್ಬು ಕಡಿಯುವ, ಗೌಂಡಿ ಕೈಕೆಳಗೆ ಕಲ್ಲು ಹೊರುವ ತಂದೆಗೆ ಪಗಾರ ಚೀಟಿ ಎಲ್ಲಿಂದ ಬರಬೇಕು? ಚೀಟಿ ಇಲ್ಲ ಅಂದರೆ ವರಮಾನವೇ ಇಲ್ಲ ಅಂತ ಕೈ ಝಾಡಿಸಬಹುದಿತ್ತು.

ಈ ಜಾಗದಲ್ಲೇ ಕೋರ್ಟುಗಳು ದಾರಿ ತಿರುಗಿಸಿದವು. 1968ರಲ್ಲಿ ದೆಹಲಿ ಹೈಕೋರ್ಟು, ಶೀಲಾ ರಾಣಿ ಪ್ರಕರಣದಲ್ಲಿ, ಗಟ್ಟಿಮುಟ್ಟಾದ ಪ್ರಾಯದವನು ದುಡಿಯಬಲ್ಲ ಎಂದೇ ಹಿಡಿಯಬೇಕು ಎಂದಿತು. ಆಗದು ಅಂತ ತೋರಿಸುವ ಭಾರ ಅವನ ಮೇಲೆ. 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೈಮುರಿದು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಹೇಳಿತು. ಕೈಗಳೇ ವರಮಾನವಾದವು. ನಿಜವಾಗಿ ದುಡಿಯಲಾಗದ ರೋಗಿಯ ಮಾತು ಬೇರೆ.

ಇನ್ನೊಂದು ತೊಡಕು ದಾರಿಯದು. 488ರ ಪ್ರಕಾರ ಗಂಡ ಇರುವ ಊರಲ್ಲೋ, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರಲ್ಲೋ ಅರ್ಜಿ ಹಾಕಬೇಕಿತ್ತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅಕ್ಕೋಳದ ತವರಿಗೂ ಕೊಲ್ಲಾಪುರದ ಗಂಡನ ಮನೆಗೂ ನಡುವೆ ರಾಜ್ಯದ ಗಡಿ ಬಿತ್ತು. 1973ರ ಹೊಸ ಸಂಹಿತೆ ಹೆಂಡತಿ ವಾಸವಿರುವ ಊರಲ್ಲೂ ಅರ್ಜಿ ಹಾಕಬಹುದು ಅಂದಿತು. ಕಲಮು 125 ಆಯಿತು. 1955ರಲ್ಲಿ ಕಟ್ಟಿದ 500 ರೂಪಾಯಿ ಮಿತಿ ಮಾತ್ರ 2001ರವರೆಗೂ ಅಲ್ಲೇ ಕೂತಿತ್ತು. ಈಗ ಮಿತಿ ಇಲ್ಲ; 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು.

2020ರ ರಜನೀಶ್ ಪ್ರಕರಣದ ನಂತರ ಇಬ್ಬರೂ ತಮ್ಮ ಆಸ್ತಿ, ದುಡಿಮೆ, ಖರ್ಚನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶದ ಲೆಕ್ಕ ಶುರುವಾಗೋದು ಅರ್ಜಿ ಹಾಕಿದ ದಿನದಿಂದ. ಕೊಡದೆ ಜೈಲಿಗೆ ಹೋದರೂ ಬಾಕಿ ತೀರದು ಎಂದು 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆದರೂ ಆದೇಶದ ಕಾಗದ ಒಲೆ ಮೇಲೆ ಬೇಯೋದಿಲ್ಲ. ತಪ್ಪಿದ ತಿಂಗಳ ಹಣಕ್ಕೆ ವರ್ಷದೊಳಗೆ ವಸೂಲಿ ಅರ್ಜಿ ಹಾಕಲೇಬೇಕು. “ಇವತ್ತ ಕೊಡ್ತಾನ, ನಾಳೆ ಕೊಡ್ತಾನ” ಅಂತ ಕಾಯುತ್ತಾ ಎಷ್ಟೋ ತಾಯಂದಿರು ಇಲ್ಲೇ ಸೋಲುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ವಕೀಲರ ನೆರವು ಬಿಟ್ಟಿ. ‘ಕೆಲಸಾ ಇಲ್ಲ’ ಅನ್ನೋ ಮಾತು ಕೇಳಿ ಹಿಂದಿರುಗಬೇಡಿ, ಅಕ್ಕಾ. ಆ ಮಾತಿಗೆ ಕಾನೂನು ಉತ್ತರ ಕಲಿತಾಗಿದೆ.